ಕಡಲಾಚೆಯ ಅಂಚೆ ಚೀಲ

"ಡಾಕ್ಟ್ರೇ, ಈ ಸಲದ ದೀಪಾವಳಿ ಸಂಚಿಕೆಗೆ ಒಂದು ಪ್ರವಾಸ ಲೇಖನ ಬರೆದುಕೊಡಿ. ನಯಾಗರ, ಸ್ವಿಟ್ಜರ್‌ಲೆಂಡ್ ಎರಡು ಬಿಟ್ಟು ಯಾವುದಾದರೂ ಆಗಲಿ" ಎಂದು ನಮ್ಮ ಸಂಪಾದಕರು ಫೋನಿನಲ್ಲಿ ಹೇಳಿದರು.

"ಹಾಗಾದರೆ ಜಿನೀವಾ ಬಗ್ಗೆ ಬರೆಯಲೇ?" ಎಂದೆ.

"ಅಯ್ಯೋ, ಅದೂ ಸ್ವಿಟ್ಜರ್‌ಲೆಂಡೇ ಆಯ್ತಲ್ಲ!"

"ಅಲ್ಲ ಸ್ವಾಮಿ, ಇದು ಅಮೆರಿಕದ ಜಿನೀವಾ. ಅಲ್ಲಿ ಪೋಸ್ಟ್‌ಮನ್ ದೋಣಿಯಿಂದ ಹಾರುತ್ತಾನೆ."

ಅವರು ಒಂದು ಕ್ಷಣ ಸುಮ್ಮನಾದರು. ನಂತರ "ಬರೆಯಿರಿ, ಆದರೆ ಎರಡೂವರೆ ಸಾವಿರ ಪದ ದಾಟಬೇಡಿ" ಎಂದರು. ರೋಗಿಗೆ ಐದು ಸಾಲಿನ ಚೀಟಿ ಬರೆದೇ ಅಭ್ಯಾಸವಾದ ಕೈ ಇದು. ಓದುಗ ಮಿತ್ರರು ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಊರಿಗೆ ನಾವು ಹೋದದ್ದು 2008ರಲ್ಲಿ. ಹೋಗಬೇಕಾಗಿ ಬಂದದ್ದು ನಾನು ಮಾಡಿದ ಒಂದು ತಪ್ಪಿನಿಂದ. ಆದ್ದರಿಂದ ಕಥೆಯನ್ನು ತಪ್ಪಿನಿಂದಲೇ ಶುರು ಮಾಡುತ್ತೇನೆ.

ಆರು ಪತ್ರಿಕೆಗಳು

ನಾನು ಎಂಡಿ ಮುಗಿಸಿ ಇಂಗ್ಲೆಂಡಿಗೆ ಬಂದದ್ದು 1997ರಲ್ಲಿ. ಆಗ ಮಗನಿಗೆ ಎರಡು ವರ್ಷ. ಇಲ್ಲಿ ತರಬೇತಿಯಲ್ಲಿರುವ ಡಾಕ್ಟರುಗಳ ಪಾಡು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆರು ತಿಂಗಳು ಒಂದು ಊರು, ಮತ್ತಾರು ತಿಂಗಳು ಇನ್ನೊಂದು ಊರು. ಪೆಟ್ಟಿಗೆ ಬಿಚ್ಚಿ ಪಾತ್ರೆ ಜೋಡಿಸುವಷ್ಟರಲ್ಲಿ ಮತ್ತೆ ಕಟ್ಟುವ ಸಮಯ. 2006ರಲ್ಲಿ ಯಾರ್ಕ್‌ಷೈರಿನಲ್ಲಿ ಕನ್ಸಲ್ಟೆಂಟ್ ಕೆಲಸ ಸಿಕ್ಕಿ ನಾವು ನೆಲೆ ನಿಲ್ಲುವ ಹೊತ್ತಿಗೆ ಹನ್ನೊಂದು ವರ್ಷದ ಹುಡುಗ ನಾಲ್ಕು ಶಾಲೆ ನೋಡಿದ್ದ. ಪ್ರತಿ ಶಾಲೆಯಲ್ಲೂ ಯಾರಾದರೊಬ್ಬ ಗೆಳೆಯ ಸಿಗುತ್ತಿದ್ದ, ಆಮೇಲೆ ನಾವು ಊರು ಬಿಡುತ್ತಿದ್ದೆವು. ಐದನೆಯ ಶಾಲೆಯಲ್ಲಿ ಅವನು ಗೆಳೆಯರನ್ನು ಹುಡುಕುವ ಗೋಜಿಗೇ ಹೋಗಲಿಲ್ಲ.

ಅದೇ ಚಳಿಗಾಲದಲ್ಲಿ ಊರಿನ ಒಂದು ಚಾರಿಟಿ ಅಂಗಡಿಯಲ್ಲಿ ಅವನಿಗೆ ಆರು ಹಳೆಯ ಪತ್ರಿಕೆಗಳು ಸಿಕ್ಕಿದವು. ಹೆಸರು 'ಡ್ರ್ಯಾಗನ್'. ಅಮೆರಿಕದ್ದು, 1980ರ ದಶಕದ ಮೊದಲ ವರ್ಷಗಳವು. ಮುಖಪುಟದ ಮೇಲೆ ಡಾಲರ್ ಬೆಲೆ, ಅದರ ಮೇಲೆ ಯಾವುದೋ ಇಂಗ್ಲಿಷ್ ಅಂಗಡಿಯವನು ಅಂಟಿಸಿದ ಪೌಂಡ್ ಬೆಲೆಯ ಚೀಟಿ. ಒಳಗೆ ರಾಕ್ಷಸರು, ಮಾಂತ್ರಿಕರು, ಕೋಟೆಗಳ ನಕ್ಷೆ, ಪುಟಗಟ್ಟಲೆ ಕೋಷ್ಟಕಗಳು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಆಡುವವರಿಗಾಗಿ ಬರುತ್ತಿದ್ದ ಪತ್ರಿಕೆ ಅದು. ಮಗನಿಗೆ ಆಡಲು ಜೊತೆಗಾರರಿರಲಿಲ್ಲ. ಆದರೂ ಓದುತ್ತಿದ್ದ. ಊಟಕ್ಕೆ ಕೂತಾಗ ಓದುತ್ತಿದ್ದ, ಹಲ್ಲುಜ್ಜುವಾಗ ಓದುತ್ತಿದ್ದ. ಪೆನ್ಸಿಲ್ ಹಿಡಿದು ಅಂಚಿನಲ್ಲಿ ಏನೇನೋ ಬರೆಯುತ್ತಿದ್ದ.

2007ರ ಫೆಬ್ರವರಿಯಲ್ಲಿ ಶಾಲೆಯ ಪೇರೆಂಟ್ಸ್ ಈವನಿಂಗ್. "ಬುದ್ಧಿವಂತ ಹುಡುಗ, ಆದರೆ ತನ್ನದೇ ಲೋಕದಲ್ಲಿರುತ್ತಾನೆ" ಎಂದು ಒಬ್ಬ ಟೀಚರ್ ಹೇಳಿದರು. ಎರಡನೆಯವರೂ ಅದನ್ನೇ ಹೇಳಿದರು. ಮೂರನೆಯವರು ಹೇಳುವಷ್ಟರಲ್ಲಿ ನನ್ನ ರಕ್ತದೊತ್ತಡ ಏರಿತ್ತು. ಮರುದಿನ ಬೆಳಿಗ್ಗೆ ಕೌನ್ಸಿಲ್‌ನವರು ಹಳೇ ಪೇಪರ್ ಒಯ್ಯುವ ದಿನ. ಆರೂವರೆಗೆ ಆಸ್ಪತ್ರೆಗೆ ಹೊರಟವನು ಅವನ ಕೋಣೆಯ ಮೂಲೆಯಲ್ಲಿದ್ದ ಆರೂ ಪತ್ರಿಕೆಗಳನ್ನು ಎತ್ತಿ ಬಿನ್ನಿಗೆ ಹಾಕಿ ಹೋದೆ.

ಸಂಜೆ ಅವನು ಅಳುತ್ತಾನೆ, ಕೂಗಾಡುತ್ತಾನೆ, ನಾನು ಹೇಗೆ ಬುದ್ಧಿ ಹೇಳಬೇಕು ಎಂದೆಲ್ಲ ತಯಾರಾಗಿ ಬಂದಿದ್ದೆ. ಅವನು ಏನೂ ಹೇಳಲಿಲ್ಲ. ಒಂದು ಸಲ ನನ್ನ ಮುಖ ನೋಡಿ ಮಹಡಿಗೆ ಹೋದ. "ರೀ, ನೀವು ಮಾಡಿದ್ದು ಸರಿಯಲ್ಲ" ಎಂದು ನನ್ನ ಹೆಂಡತಿ ಒಂದೇ ಮಾತು ಹೇಳಿ ಅಡುಗೆಮನೆಗೆ ಹೋದಳು. ಮೂರು ತಿಂಗಳು ನಮ್ಮ ಮನೆಯಲ್ಲಿ ಟಿವಿಯೊಂದೇ ಗಟ್ಟಿಯಾಗಿ ಮಾತಾಡುತ್ತಿತ್ತು.

"ಇದು ತಾಳಮದ್ದಲೆಯಲ್ಲವೇನೋ?"

ಆ ಮೇ ತಿಂಗಳಲ್ಲಿ ಸಾಗರದಿಂದ ನನ್ನ ಅಪ್ಪ ಬಂದರು. ಅವರು ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಜೊತೆಗೆ ಮಳೆಗಾಲದ ತಾಳಮದ್ದಲೆಗಳಲ್ಲಿ ಅರ್ಥ ಹೇಳುತ್ತಿದ್ದವರು. ನಮ್ಮ ಬಯಲುಸೀಮೆಯ ಓದುಗರಿಗಾಗಿ ಎರಡು ಮಾತು. ತಾಳಮದ್ದಲೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ. ಪಂಚೆ, ಶಾಲು ಹಾಕಿಕೊಂಡು ಚಾಪೆಯ ಮೇಲೆ ಕೂತ ಅರ್ಥಧಾರಿಗಳು ಒಬ್ಬ ಕೃಷ್ಣನಾಗಿ, ಒಬ್ಬ ಕೌರವನಾಗಿ ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದ ಮಾಡುತ್ತಾರೆ. ಬಾಯಿಪಾಠದ ಸಂಭಾಷಣೆ ಇರುವುದಿಲ್ಲ. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಪಾತ್ರ ಬಿಡದೆ ಉತ್ತರ ಕೊಡಬೇಕು.

ಅಜ್ಜ ಬಂದ ಮೇಲೆ ಮೊಮ್ಮಗ ಮತ್ತೆ ಬಾಯಿ ಬಿಟ್ಟ. ಒಂದು ಭಾನುವಾರ ಇಬ್ಬರೂ ತೋಟದ ಬೆಂಚಿನ ಮೇಲೆ ಕೂತಿದ್ದರು. ಹುಡುಗ ತನ್ನ ಅರೆಬರೆ ಕನ್ನಡದಲ್ಲಿ ಆಟವನ್ನು ವಿವರಿಸುತ್ತಿದ್ದ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. 'ಡಂಜನ್ ಮಾಸ್ಟರ್' ಎಂಬುವನು ಕಥೆ ನಡೆಸುತ್ತಾನೆ, "ಎದುರಿಗೆ ಬಾಗಿಲಿದೆ, ಒಳಗೆ ಗುರುಗುಟ್ಟುವ ಸದ್ದು ಕೇಳುತ್ತಿದೆ, ಏನು ಮಾಡುತ್ತೀರಿ?" ಎನ್ನುತ್ತಾನೆ. ಆಡುವವರು ತಮ್ಮ ಪಾತ್ರದ ಮಾತನ್ನು ತಾವೇ ಆಡುತ್ತಾರೆ. ಕತ್ತಿ ಬೀಸಿದರೆ ತಗಲಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ.

ಅಜ್ಜ ಪೂರ್ತಿ ಕೇಳಿ, "ಅಲ್ಲ ಮಾರಾಯ, ಇದು ತಾಳಮದ್ದಲೆಯಲ್ಲವೇನೋ? ಆ ಮಾಸ್ಟರ್ ಅಂದ್ರೆ ಭಾಗವತ. ನಮ್ಮಲ್ಲಿ ಕೌರವ ಎಷ್ಟು ಚೆನ್ನಾಗಿ ಮಾತಾಡಿದರೂ ಕಡೆಗೆ ಸೋಲಲೇಬೇಕು. ನಿಮ್ಮಲ್ಲಿ ದಾಳ ಬಿದ್ದರೆ ಗೆದ್ದೂಬಿಡಬಹುದು, ಅಷ್ಟೇ ವ್ಯತ್ಯಾಸ" ಎಂದರು. ಐದು ಭಾಷೆ ಬಲ್ಲ, ಎರಡು ದೇಶದ ಪರೀಕ್ಷೆ ಪಾಸು ಮಾಡಿದ ನನಗೆ ಆರು ತಿಂಗಳಲ್ಲಿ ಹೊಳೆಯದ್ದು ಅವರಿಗೆ ಅರ್ಧ ಗಂಟೆಯಲ್ಲಿ ಹೊಳೆದಿತ್ತು.

ರಾತ್ರಿ ಅವರು ನನ್ನನ್ನು ಕರೆದರು. ಪತ್ರಿಕೆಗಳ ವಿಷಯ ಅಷ್ಟರಲ್ಲಿ ಅವರ ಕಿವಿಗೆ ಬಿದ್ದಿತ್ತು. ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ 'ಸೋವಿಯತ್ ಲ್ಯಾಂಡ್' ಬರುತ್ತಿತ್ತು. ದೆಹಲಿಯ ಸೋವಿಯತ್ ರಾಯಭಾರ ಕಚೇರಿಯವರು ಹೊರತರುತ್ತಿದ್ದ, ನುಣುಪು ಕಾಗದದ, ಬಣ್ಣದ ಚಿತ್ರಗಳ ಪತ್ರಿಕೆ. ಊರಿನ ಮಕ್ಕಳೆಲ್ಲ ಅದರ ಹಾಳೆಯಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದರು. ನಾನು ಮಾತ್ರ ಒಂದು ಹಾಳೆಯನ್ನೂ ಹರಿಯಲು ಬಿಡದೆ ಟ್ರಂಕಿನಲ್ಲಿ ಜೋಡಿಸಿಟ್ಟಿದ್ದೆ. ಪೋಸ್ಟಣ್ಣ ಬರುವ ಹೊತ್ತಿಗೆ ದಣಪೆಯ ಹತ್ತಿರ ಕಾಯುತ್ತಿದ್ದೆ. ಹಿಮ ಎಂದರೇನೆಂದು ನಾನು ಮೊದಲು ನೋಡಿದ್ದೇ ಅದರಲ್ಲಿ.

"ಅದರಲ್ಲಿ ನಿನ್ನ ಪಾಠಕ್ಕೆ ಬೇಕಾದ್ದು ಏನೂ ಇರಲಿಲ್ಲ. ನಾನು ಯಾವತ್ತಾದ್ರೂ ಅದನ್ನ ಬಚ್ಚಲೊಲೆಗೆ ಹಾಕಿದ್ನಾ?" ಎಂದು ಕೇಳಿದರು ಅಪ್ಪ.

ನಾನು ತಲೆ ತಗ್ಗಿಸಿ ಕೂತೆ.

"ಎಲ್ಲಿ ಸಿಗುತ್ತೋ ಅಲ್ಲಿಂದ ತರಿಸಿಕೊಡು" ಎಂದು ಹೇಳಿ ದೀಪ ಆರಿಸಿದರು.

ತರಿಸುವ ಪಡಿಪಾಟಲು

ತರಿಸುವುದು ಎಂದರೆ ಸುಲಭವಾಗಿತ್ತೇ? ಆ ಆರು ಸಂಚಿಕೆಗಳ ಕ್ರಮಸಂಖ್ಯೆ ಮಗನಿಗೆ ಬಾಯಿಪಾಠವಾಗಿತ್ತು. ಒಂದು ಚೀಟಿಯಲ್ಲಿ ಬರೆದುಕೊಟ್ಟ. ಮುಖ ಕೊಟ್ಟು ಮಾತಾಡಲಿಲ್ಲ, ಚೀಟಿ ಮಾತ್ರ ಕೊಟ್ಟ.

ಮೊದಲು ಲೀಡ್ಸ್‌ನ ಆಟದ ಸಾಮಾನಿನ ಅಂಗಡಿಗಳನ್ನು ತಿರುಗಿದೆ. ಒಬ್ಬ ಹಳೆಯ ಅಂಗಡಿಯವರು, ನನ್ನದೇ ವಯಸ್ಸಿನವರು, ಚಹಾ ಕೊಟ್ಟು ಕೂರಿಸಿ ಈ ಪತ್ರಿಕೆಗಳ ಪುರಾಣವನ್ನೇ ಬಿಚ್ಚಿದರು. ಆಮೇಲೆ ನಾನೂ ಓದಿ ಖಚಿತ ಮಾಡಿಕೊಂಡೆ. 1975ರಲ್ಲಿ ಲಂಡನ್ನಿನ ಒಂದು ಫ್ಲ್ಯಾಟಿನಲ್ಲಿದ್ದ ಮೂವರು ಗೆಳೆಯರು, ಇಯಾನ್ ಲಿವಿಂಗ್‌ಸ್ಟನ್, ಸ್ಟೀವ್ ಜಾಕ್ಸನ್, ಜಾನ್ ಪೀಕ್, 'ಗೇಮ್ಸ್ ವರ್ಕ್‌ಷಾಪ್' ಶುರು ಮಾಡಿ 'ಔಲ್ ಅಂಡ್ ವೀಸಲ್' ಎಂಬ ಸಣ್ಣ ಸುದ್ದಿಪತ್ರ ಹೊರಡಿಸಿದರು. ಅದರ ಒಂದು ಪ್ರತಿ ಅಮೆರಿಕದಲ್ಲಿ ಆ ಆಟದ ಕರ್ತೃಗಳಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಕೈ ಸೇರಿತು. ಅವರು ತಮ್ಮ ಆಟದ ಪ್ರತಿ ಕಳಿಸಿದರು. ಇವರು ಆರೇ ಆರು ಪ್ರತಿ ತರಿಸಿದರು. ಅಷ್ಟಕ್ಕೇ ಮೂರು ವರ್ಷ ಇಡೀ ಯೂರೋಪಿಗೆ ಮಾರುವ ಹಕ್ಕು ಸಿಕ್ಕಿತು! ಪಾರ್ಸೆಲ್ಲು, ಫೋನು, ಮನೆ ಬಾಗಿಲಿಗೆ ಬರುವ ಗಿರಾಕಿಗಳು ಎಂದು ಗದ್ದಲ ಹೆಚ್ಚಿ 1976ರಲ್ಲಿ ಫ್ಲ್ಯಾಟ್ ಬಿಡಬೇಕಾಯಿತು. ಇಬ್ಬರು ಕೆಲವು ತಿಂಗಳು ವ್ಯಾನಿನಲ್ಲೇ ಮಲಗಿ ವ್ಯಾಪಾರ ನಡೆಸಿದರಂತೆ. 1977ರಲ್ಲಿ ಅವರದೇ ಪತ್ರಿಕೆ 'ವೈಟ್ ಡ್ವಾರ್ಫ್' ಬಂತು. 1978ರ ಏಪ್ರಿಲ್‌ನಲ್ಲಿ ಹ್ಯಾಮರ್‌ಸ್ಮಿತ್‌ನ ಡಾಲಿಂಗ್ ರೋಡಿನಲ್ಲಿ ಮೊದಲ ಅಂಗಡಿ ತೆರೆದಾಗ ಬಾಗಿಲಲ್ಲಿ ಜನ ಸಾಲುಗಟ್ಟಿ ನಿಂತಿದ್ದರು.

ಅಮೆರಿಕದ 'ಡ್ರ್ಯಾಗನ್' 1976ರ ಜೂನಿನಲ್ಲಿ ಹುಟ್ಟಿದ್ದು. ಇಲ್ಲಿಯ ಹುಡುಗರಿಗೆ ಅದು ದುಬಾರಿ, ಅಪರೂಪದ ವಸ್ತು. "ನನ್ನ ಅಂಗಡಿಗೆ ಬರುತ್ತಿದ್ದ ಕೆಲವೇ ಪ್ರತಿಗಳನ್ನು ಕೌಂಟರ್ ಕೆಳಗೆ ಹೆಸರು ಬರೆದು ಇಡುತ್ತಿದ್ದೆ. ಒಂದೊಂದನ್ನು ನಾಲ್ಕು ಹುಡುಗರು ಪೆನ್ನಿ ಕೂಡಿಸಿ ಕೊಳ್ಳುತ್ತಿದ್ದರು" ಎಂದರು ಅಂಗಡಿಯವರು. ನಮ್ಮೂರಿನ ವಾಚನಾಲಯದಲ್ಲಿ 'ಸುಧಾ' ಬಂದ ದಿನ ಧಾರಾವಾಹಿಯ ಪುಟಕ್ಕೆ ಮೂವರು ಒಟ್ಟಿಗೆ ಕತ್ತು ಚಾಚುತ್ತಿದ್ದದ್ದು ನೆನಪಾಯಿತು. ಹಾಗಾದರೆ ಒಂದು ಪ್ರತಿಯಾದರೂ ಇದೆಯೇ ಎಂದು ಕೇಳಿದೆ. "ಇಪ್ಪತ್ತು ವರ್ಷದ ಹಿಂದೆ ಕೇಳಬೇಕಿತ್ತು" ಎಂದು ನಕ್ಕರು.

ಮುಂದೆ ಈಬೇ. ಅಮೆರಿಕದ ಮಾರಾಟಗಾರರು ಬೇಕಾದಷ್ಟಿದ್ದರು, ಆದರೆ ಅರ್ಧಕ್ಕರ್ಧ ಜನ 'ಅಮೆರಿಕದೊಳಗೆ ಮಾತ್ರ ಕಳಿಸುತ್ತೇವೆ' ಎಂದು ಬರೆದಿದ್ದರು. ಹೊರದೇಶಕ್ಕೆ ಕಳಿಸುವವರು ಕೇಳಿದ ಅಂಚೆ ವೆಚ್ಚ ಪತ್ರಿಕೆಯ ಬೆಲೆಯ ಎರಡರಷ್ಟು. ಹೋಗಲಿ, ಹಡಗಿನ ಅಂಚೆಯಲ್ಲಿ ಎರಡು ತಿಂಗಳಾದರೂ ಪರವಾಗಿಲ್ಲ ಎಂದು ಒಬ್ಬರಿಗೆ ಬರೆದೆ. ನನ್ನ ಗ್ರಹಚಾರ ನೋಡಿ, ಅಮೆರಿಕದ ಅಂಚೆ ಇಲಾಖೆ ಹೊರದೇಶಗಳ ಹಡಗಿನ ಅಂಚೆಯನ್ನು 2007ರ ಮೇ 14ರಂದೇ ನಿಲ್ಲಿಸಿಬಿಟ್ಟಿತ್ತು! ಅದೂ ಸಾಲದೆಂಬಂತೆ 'ಡ್ರ್ಯಾಗನ್' ಪತ್ರಿಕೆಯೇ ಅದೇ ಸೆಪ್ಟೆಂಬರಿನ 359ನೇ ಸಂಚಿಕೆಯೊಂದಿಗೆ ಮುದ್ರಣ ನಿಲ್ಲಿಸಿತು. ಅದರ ತಮ್ಮನಂತಿದ್ದ 'ಡಂಜನ್' ಪತ್ರಿಕೆಯೂ 150ಕ್ಕೆ ನಿಂತಿತು.

ಕೊನೆಗೆ ಕೈ ಹಿಡಿದವನು ನನ್ನ ಎಂಬಿಬಿಎಸ್ ಸಹಪಾಠಿ. ಷಿಕಾಗೋ ಹತ್ತಿರ ಮಕ್ಕಳ ಡಾಕ್ಟರ್. "ಎಂಥದೋ ನಿನ್ನ ಡ್ರ್ಯಾಗನ್ನು?" ಎಂದು ಒಂದು ಗಂಟೆ ಫೋನಿನಲ್ಲಿ ಗೇಲಿ ಮಾಡಿದ. ಆಮೇಲೆ ಅವನೇ ಹುಡುಕಿ ಯಾರದೋ ಮನೆಯ ಬೇಸ್‌ಮೆಂಟಿನಿಂದ ಇಡೀ ಒಂದು ರಾಶಿ ಅಗ್ಗಕ್ಕೆ ಕೊಂಡ. ಕಳಿಸುವ ದಾರಿಯನ್ನೂ ಅವನೇ ಕಂಡುಹಿಡಿದ. ಅಮೆರಿಕದ ಅಂಚೆಯಲ್ಲಿ 'ಎಂ-ಬ್ಯಾಗ್' ಎಂಬ ಪದ್ಧತಿಯಿದೆ. ಅಚ್ಚಾದ ಪುಸ್ತಕ, ಪತ್ರಿಕೆಗಳನ್ನು ಮಾತ್ರ ಒಂದು ಅಂಚೆ ಚೀಲಕ್ಕೆ ತುಂಬಿ, ಚೀಲದ ಕುತ್ತಿಗೆಗೆ ವಿಳಾಸದ ಚೀಟಿ ಕಟ್ಟಿ ಒಬ್ಬರಿಗೇ ಕಳಿಸಬಹುದು. 66 ಪೌಂಡ್, ಅಂದರೆ ಸುಮಾರು 30 ಕಿಲೋ ತನಕ ತೂಕ ಇರಬಹುದು. ಎಷ್ಟೇ ಕಡಿಮೆ ತೂಗಿದರೂ 11 ಪೌಂಡಿನ ದರ ಕೊಡಲೇಬೇಕು. ಹಡಗಿನ ಅಂಚೆ ನಿಂತ ಮೇಲೂ ವಿಮಾನದ ಎಂ-ಬ್ಯಾಗ್ ಉಳಿದಿತ್ತು. ಬ್ರಿಟನ್ನಿನಲ್ಲಿ ಪುಸ್ತಕ, ಪತ್ರಿಕೆಗಳಿಗೆ ವ್ಯಾಟ್ ಸೊನ್ನೆಯಾದ್ದರಿಂದ ಈ ಕಡೆ ತೆರಿಗೆಯ ಕಾಟವೂ ಇರಲಿಲ್ಲ.

ನವೆಂಬರಿನ ಒಂದು ಮಳೆಯ ಬೆಳಿಗ್ಗೆ ನಮ್ಮ ಪೋಸ್ಟ್‌ಮನ್ ಆ ಚೀಲವನ್ನು ಅಕ್ಕಿ ಮೂಟೆಯಂತೆ ಹೊತ್ತುಕೊಂಡು ಬಂದು ಬಾಗಿಲಲ್ಲಿ ಇಳಿಸಿ, "ಏನ್ರೀ ಡಾಕ್ಟರ್, ಹೆಣ ತರಿಸಿದ್ದೀರಾ?" ಎಂದ. ಮಗ ಮಹಡಿಯಿಂದ ಇಳಿದು ಬಂದ. ಚೀಲದ ಬಾಯಿ ಬಿಚ್ಚಿದಾಗ ಹಳೇ ಕಾಗದದ, ಸ್ವಲ್ಪ ಮುಗ್ಗಲಿನ ವಾಸನೆ ಹಾಲಿಗೆಲ್ಲ ಹರಡಿತು. ಐವತ್ತೆರಡು ಪತ್ರಿಕೆಗಳು. ಬಹಳಷ್ಟರ ಮೂಲೆಯಲ್ಲಿ ಯಾವುದೋ ಅಮೆರಿಕನ್ ಹುಡುಗ ಬಾಲ್‌ಪೆನ್ನಿನಲ್ಲಿ ತನ್ನ ಹೆಸರು ಬರೆದಿದ್ದ. ಮಗ ನೆಲದ ಮೇಲೆ ಕೂತು ಒಂದೊಂದನ್ನೇ ಕ್ರಮವಾಗಿ ಜೋಡಿಸಿದ. ಆರರಲ್ಲಿ ಐದು ಸಿಕ್ಕಿದ್ದವು.

"ಥ್ಯಾಂಕ್ಸ್ ಅಪ್ಪ" ಎಂದ. ಫೆಬ್ರವರಿಯಿಂದ ಕಾಯುತ್ತಿದ್ದ ಮಾತು. ಆದರೂ ಅವನ ದನಿಯಲ್ಲಿ ಏನೋ ಒಂದು ಉಳಿದುಕೊಂಡಂತಿತ್ತು. ಸಿಗದ ಆ ಆರನೆಯದಕ್ಕಾಗಿ ಇರಬೇಕು ಎಂದುಕೊಂಡೆ.

ಅಮೆರಿಕದ ಜಿನೀವಾ

2008ರ ಆಗಸ್ಟ್ ಕೊನೆಯಲ್ಲಿ ಷಿಕಾಗೋದಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ. ಗೆಳೆಯನ ಒತ್ತಾಯಕ್ಕೆ ನಾವು ಮೂವರೂ ಹೊರಟೆವು. ಸಮ್ಮೇಳನಕ್ಕೆ ಎರಡು ದಿನ ಮೊದಲೇ ಮುಟ್ಟಿ, ಕಾರು ಬಾಡಿಗೆಗೆ ಪಡೆದು, ವಾಯವ್ಯ ದಿಕ್ಕಿಗೆ ಸುಮಾರು 70 ಮೈಲಿ ದೂರದ ಲೇಕ್ ಜಿನೀವಾಕ್ಕೆ ಹೋದೆವು. ಆ ಪತ್ರಿಕೆಯೂ ಆಟವೂ ಹುಟ್ಟಿದ ಊರು ಅದು.

ಇಲಿನಾಯ್ ಗಡಿ ದಾಟಿ ವಿಸ್ಕಾನ್ಸಿನ್ ಸೇರುತ್ತಿದ್ದಂತೆ ಎರಡೂ ಬದಿ ಆಳೆತ್ತರದ ಜೋಳದ ಹೊಲ, ಕೆಂಪು ಬಣ್ಣದ ಕೊಟ್ಟಿಗೆಗಳು, ಕಪ್ಪು ಬಿಳಿ ಹಸುಗಳು. ಅಲ್ಲಿಯ ಕಾರುಗಳ ನಂಬರ್ ಪ್ಲೇಟಿನ ಮೇಲೂ 'ಅಮೆರಿಕದ ಹಾಲಿನ ನಾಡು' ಎಂದೇ ಬರೆದಿರುತ್ತದೆ. ದಾರಿಯ ಅಂಗಡಿಯಲ್ಲಿ ಚೀಸ್ ಕರ್ಡ್ ಕೊಂಡೆವು. ತಾಜಾ ಇದ್ದರೆ ಹಲ್ಲಿಗೆ ಸಿಕ್ಕಾಗ ಕಿರ್ ಕಿರ್ ಎನ್ನುತ್ತದೆ. "ನಮ್ಮ ಗಿಣ್ಣಿಗೆ ಸಮನಲ್ಲ" ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು, ಪೊಟ್ಟಣ ಮಾತ್ರ ಅವಳೇ ಖಾಲಿ ಮಾಡಿದಳು.

ಊರು ಚಿಕ್ಕದು, ಅಚ್ಚುಕಟ್ಟಾದದ್ದು. ಕೆರೆ ಸ್ಫಟಿಕದಂಥದ್ದು. 1871ರಲ್ಲಿ ಷಿಕಾಗೋ ಬೆಂಕಿಗೆ ಸಿಕ್ಕು ಸುಟ್ಟ ಮೇಲೆ ಅಲ್ಲಿಯ ಸಿರಿವಂತರು ಈ ದಡದಲ್ಲಿ ಬಂಗಲೆ ಕಟ್ಟಿಕೊಂಡರು. ಚ್ಯೂಯಿಂಗ್ ಗಮ್ ರಿಗ್ಲಿ ಕುಟುಂಬದವರ ಬಂಗಲೆಗಳೂ ಇಲ್ಲಿವೆ. ಆದರೆ ಕೆರೆಯ ಸುತ್ತ 20 ಮೈಲಿಗೂ ಹೆಚ್ಚು ಉದ್ದದ ಕಾಲುದಾರಿಯೊಂದಿದೆ. ಪೊಟವಾಟೊಮಿ ಮೂಲನಿವಾಸಿಗಳು ತುಳಿದ ದಾರಿ ಅದು. ಕೋಟ್ಯಧೀಶನ ಹುಲ್ಲುಹಾಸಿನ ಮೇಲೆ ಹಾದುಹೋದರೂ ಅದರಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ.

ಮಗ ಒಂದು ನಕ್ಷೆ ಬರೆದು ತಂದಿದ್ದ. ಅದರಂತೆ ಮೊದಲು ಹಾರ್ಟಿಕಲ್ಚರಲ್ ಹಾಲ್. ಹೆಸರೇ ಹೇಳುವಂತೆ ತೋಟಗಾರಿಕೆಯವರ ಸಭಾಭವನ. 1968ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಅದನ್ನು 50 ಡಾಲರಿಗೆ ಬಾಡಿಗೆ ಹಿಡಿದು ಆಟಪ್ರಿಯರ ಮೊದಲ 'ಜೆನ್ ಕಾನ್' ಮೇಳ ನಡೆಸಿದರು. ಬಂದವರು ನೂರರಷ್ಟು ಜನ. ಆ ಮೇಳಕ್ಕೆ ಈಗ ಪ್ರತಿವರ್ಷ ಹತ್ತಾರು ಸಾವಿರ ಜನ ಸೇರುತ್ತಾರೆ. ಅಲ್ಲಿಂದ ಸೆಂಟರ್ ಸ್ಟ್ರೀಟಿನ 330ನೇ ನಂಬರಿನ ಮನೆ. ಬಿಳಿಯ, ಸಾಧಾರಣ ಮನೆ. ಗೈಗ್ಯಾಕ್ಸ್ ಷಿಕಾಗೋದಲ್ಲಿ ವಿಮಾ ಕಂಪನಿಯ ನೌಕರರಾಗಿದ್ದು, 1970ರಲ್ಲಿ ಕೆಲಸ ಕಳೆದುಕೊಂಡು, ಮನೆಯಲ್ಲಿ ಚಪ್ಪಲಿ, ಬೂಟು ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದರು. ಮಿನ್ನೆಸೋಟದ ಡೇವ್ ಆರ್ನೆಸನ್ ಜೊತೆಗೂಡಿ ರೂಪಿಸಿದ ಈ ಆಟವನ್ನು ಯಾವ ಕಂಪನಿಯೂ ಮುಟ್ಟದಿದ್ದಾಗ, ಬಾಲ್ಯದ ಗೆಳೆಯ ಡಾನ್ ಕೇ ಜೊತೆ 1973ರಲ್ಲಿ 'ಟಿಎಸ್‌ಆರ್' ಎಂಬ ಸ್ವಂತ ಸಂಸ್ಥೆ ಕಟ್ಟಿದರು. 1974ರಲ್ಲಿ ಬಂದ ಮೊದಲ ಸಾವಿರ ಪೆಟ್ಟಿಗೆಗಳನ್ನು ಇದೇ ಮನೆಯ ನೆಲಮಾಳಿಗೆಯಲ್ಲಿ ಕೈಯಿಂದ ಜೋಡಿಸಿದ್ದಂತೆ. ಬೆಲೆ 10 ಡಾಲರ್. ಇಪ್ಪತ್ತು ಮುಖದ ವಿಚಿತ್ರ ದಾಳಗಳನ್ನು ಶಾಲೆಗಳಿಗೆ ಪಾಠೋಪಕರಣ ಮಾರುವ ಕಂಪನಿಯಿಂದ ತರಿಸುತ್ತಿದ್ದರು.

ಈ ಆಟಕ್ಕೂ ಮಕ್ಕಳ ಆತ್ಮಹತ್ಯೆಗೂ ನಂಟು ಕಟ್ಟಿ 1980ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಗದ್ದಲವೆದ್ದಿತ್ತು. ಡಾಕ್ಟರಾಗಿ ನಾನು ಅದನ್ನೂ ಓದಿದೆ. ಆಮೇಲಿನ ಅಧ್ಯಯನಗಳಲ್ಲಿ ಅಂಥ ನಂಟು ಕಂಡುಬರಲಿಲ್ಲ. ಬಿನ್ನಿಗೆ ಹಾಕುವ ಮೊದಲು ಓದಿದ್ದರೆ ಎಷ್ಟು ಚೆನ್ನಾಗಿತ್ತು!

ಗೈಗ್ಯಾಕ್ಸ್ ಅದೇ ವರ್ಷ ಮಾರ್ಚ್ 4ರಂದು, 69ನೇ ವಯಸ್ಸಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡಿದ್ದರು. ಕಂಪನಿ 1985ರಲ್ಲೇ ಅವರ ಕೈತಪ್ಪಿತ್ತು. 1997ರಲ್ಲಿ ಬೇರೆಯವರಿಗೆ ಮಾರಾಟವಾಗಿ ಪತ್ರಿಕೆಯ ಸಮೇತ ವಾಷಿಂಗ್ಟನ್ ರಾಜ್ಯಕ್ಕೆ ಹೋಗಿತ್ತು. ಮಗ ರಸ್ತೆಯ ಆಚೆ ಬದಿಯಲ್ಲಿ ನಿಂತು ಮನೆಯನ್ನು ಸುಮ್ಮನೆ ನೋಡಿದ. ಒಳಗೆ ಯಾರೋ ಬೇರೆ ಸಂಸಾರಸ್ಥರು ಇದ್ದರು. ಫೋಟೋ ಬೇಡ ಎಂದ.

ಹಾರುವ ಪೋಸ್ಟ್‌ಮನ್

ಬೆಳಿಗ್ಗೆ ಹತ್ತಕ್ಕೆ ಅಂಚೆ ದೋಣಿ. ದಡದ ಮನೆಗಳಿಗೆ ಸರಿಯಾದ ರಸ್ತೆಯಿಲ್ಲದ ಕಾಲದಲ್ಲಿ ಶುರುವಾದ ಪದ್ಧತಿ. 1916ರಿಂದ ಈ ಸೇವೆ ಬೇಸಿಗೆಯ ಮೂರು ತಿಂಗಳು ನಡೆದುಕೊಂಡು ಬಂದಿದೆ. ಟಿಕೆಟ್ ಕೊಂಡರೆ ನಾವೂ ಕೂರಬಹುದು. 'ವಾಲ್ವರ್ತ್' ಎಂಬ ಆ ದೋಣಿ ಎಲ್ಲೂ ನಿಲ್ಲುವುದಿಲ್ಲ. ಮನೆಯ ಮುಂದಿನ ಮರದ ಕಟ್ಟೆಯ ಪಕ್ಕ ನಿಧಾನವಾಗಿ ಹಾಯುತ್ತದೆ. ಅಷ್ಟರಲ್ಲಿ ಕಾಲೇಜು ವಯಸ್ಸಿನ ಒಬ್ಬ ಹುಡುಗಿ ದೋಣಿಯಿಂದ ಹಾರಿ, ಕಟ್ಟೆಯ ಮೇಲೆ ಓಡಿ, ಪೆಟ್ಟಿಗೆಯಲ್ಲಿ ಟಪಾಲು ಹಾಕಿ, ಕಳಿಸುವ ಕಾಗದ ಎತ್ತಿಕೊಂಡು, ದೋಣಿಯ ಹಿಂಬದಿ ದಾಟಿಹೋಗುವ ಮೊದಲು ಮತ್ತೆ ಹಾರಿ ಬರಬೇಕು! ತಪ್ಪಿದರೆ ಕೆರೆಗೇ. ಪ್ರತಿ ಹಾರಾಟಕ್ಕೂ ದೋಣಿಯವರೆಲ್ಲ ಉಸಿರು ಹಿಡಿದು, ಆಮೇಲೆ ಚಪ್ಪಾಳೆ ತಟ್ಟುತ್ತಿದ್ದರು.

ಒಂದು ಮನೆಯ ಕಟ್ಟೆಯ ತುದಿಯಲ್ಲಿ ಏಳೆಂಟು ವರ್ಷದ ಒಬ್ಬ ಪೋರ ಕಾಯುತ್ತಾ ಕೂತಿದ್ದ. ಹುಡುಗಿ ಟಪಾಲನ್ನು ಪೆಟ್ಟಿಗೆಗೆ ಹಾಕದೆ ಅವನ ಕೈಗೇ ಕೊಟ್ಟಳು. ಸುರುಳಿ ಸುತ್ತಿದ ಯಾವುದೋ ಪತ್ರಿಕೆ. ಅವನು ಅಲ್ಲೇ ಕೂತು ಬಿಚ್ಚಿದ. ದೋಣಿ ದೂರ ಹೋಗುವ ತನಕ ತಲೆ ಎತ್ತಲಿಲ್ಲ. ದಣಪೆಯ ಹತ್ತಿರ ಕಾಯುತ್ತಿದ್ದ ನನ್ನ ನೆನಪಾಗಿ ಮಗನ ಕಡೆ ತಿರುಗಿದೆ. ಅವನೂ ಆ ಪೋರನನ್ನೇ ನೋಡುತ್ತಿದ್ದ.

ಮಧ್ಯಾಹ್ನ ಊರಿನ ಹಳೇ ಪುಸ್ತಕದ ಅಂಗಡಿಯೊಂದಕ್ಕೆ ನುಗ್ಗಿದೆವು. ಮೂಲೆಯ ಪೆಟ್ಟಿಗೆಯಲ್ಲಿ 'ಡ್ರ್ಯಾಗನ್' ಕಟ್ಟು. ಹತ್ತು ನಿಮಿಷದಲ್ಲಿ ಆರನೆಯದು ಸಿಕ್ಕಿತು! ನನಗಾದ ಖುಷಿಗೆ ಅಂಗಡಿಯವನು ಹೇಳಿದ ಬೆಲೆಗಿಂತ ಎರಡು ಡಾಲರ್ ಹೆಚ್ಚೇ ಕೊಟ್ಟೆ. ಲೈಬ್ರರಿ ಪಾರ್ಕಿನಲ್ಲಿ, ಕೆರೆಗೆ ಎದುರಾಗಿ ಬೆಂಚಿನ ಮೇಲೆ ಕೂತು ಮಗ ಅದರ ನಡುಪುಟ ತೆರೆದ. ಅಲ್ಲೊಂದು ಕೋಟೆಯ ನಕ್ಷೆ ಇತ್ತು. ಬಹಳ ಹೊತ್ತು ನೋಡಿದ.

"ನನ್ನದರಲ್ಲಿ ಈ ಪುಟ ಹರಿದುಹೋಗಿತ್ತು ಅಪ್ಪ. ಕಥೆ ಓದಿ, ಊಹೆ ಮಾಡಿ ನಾನೇ ನಕ್ಷೆ ಬರೆದಿದ್ದೆ. ಒಂದು ತಿಂಗಳು ಹಿಡಿಯಿತು. ಅಲ್ಲೇ ಮಡಚಿ ಇಟ್ಟಿದ್ದೆ."

ನನಗೆ ಮಾತು ಹೊರಡಲಿಲ್ಲ. ನಾನು ಕೌನ್ಸಿಲ್ ಲಾರಿಗೆ ಹಾಕಿದ್ದು ಅಮೆರಿಕದ ಪತ್ರಿಕೆ ಎಂದೇ ಇಷ್ಟು ದಿನ ತಿಳಿದಿದ್ದೆ. ಡಾಲರ್ ಕೊಟ್ಟರೆ, ಚೀಲ ಕಟ್ಟಿದರೆ ಅದು ಮತ್ತೆ ಬರುತ್ತದೆ. ಹುಡುಗನ ಒಂದು ತಿಂಗಳ ನಕ್ಷೆ ಯಾವ ದೇಶದಿಂದ ಬರಬೇಕು?

"ಕ್ಷಮಿಸು ಪುಟ್ಟ" ಎಂದೆ. ಹದಿನೆಂಟು ತಿಂಗಳು ತಡವಾಗಿ ಬಂದ ಮಾತು. ಪತ್ರಿಕೆಗಳನ್ನು ತರಿಸಿಕೊಡುವ ಗಡಿಬಿಡಿಯಲ್ಲಿ ಆ ಒಂದು ಮಾತನ್ನೇ ಹೇಳಿರಲಿಲ್ಲ ಎನ್ನುವುದು ನನಗೆ ಹೊಳೆದದ್ದೂ ಆಗಲೇ.

ಅವನು ನಕ್ಷೆಯ ಮೇಲೆ ಬೆರಳಾಡಿಸುತ್ತಾ, "ಪರವಾಗಿಲ್ಲ. ನನ್ನದೇ ಇದಕ್ಕಿಂತ ಚೆನ್ನಾಗಿತ್ತು" ಎಂದ. ಸ್ವಲ್ಪ ಹೊತ್ತಾದ ಮೇಲೆ, "ಇದರಲ್ಲಿ ಬಾವಿಯೇ ಇಲ್ಲ. ಬಾವಿಯಿಲ್ಲದೆ ಕೋಟೆಯಲ್ಲಿ ಜನ ಹೇಗೆ ಬದುಕುತ್ತಾರೆ?" ಎಂದು ನಕ್ಕ. ನನ್ನ ಹೆಂಡತಿ ಬುತ್ತಿಯ ಚಿತ್ರಾನ್ನ ಬಡಿಸಿದಳು. ತಿನ್ನುತ್ತಾ ಅವನು ತನ್ನ ಕೋಟೆಯಲ್ಲಿ ಏನೇನಿತ್ತು ಎಂದು ಹೇಳಿದ. ನಾನು ಮೊದಲ ಸಲ ಪೂರ್ತಿ ಕೇಳಿದೆ.

ಈಗ

ಸಮ್ಮೇಳನ ಚೆನ್ನಾಗಿ ನಡೆಯಿತು, ಊಟದ ಸಾಲೂ ಉದ್ದವಿತ್ತು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ.

ಆ ಐವತ್ತೆರಡು ಪತ್ರಿಕೆಗಳಿಂದ ಮಗನಿಗೆ ಗೆಳೆಯರು ಸಿಕ್ಕಿದರು. ಶಾಲೆಯ ಗ್ರಂಥಾಲಯದಲ್ಲಿ ಶುಕ್ರವಾರ ಮಧ್ಯಾಹ್ನ ಆಟ ಶುರು ಮಾಡಿದ. ಮೊದಲು ಇಬ್ಬರು ಬಂದರು, ಆಮೇಲೆ ಆರು ಜನ ಆದರು. ನಮ್ಮ ಊಟದ ಮೇಜಿನ ಮೇಲೆ ಶನಿವಾರಗಳು ದಾಳದ ಸದ್ದಿನಲ್ಲಿ ಕಳೆದವು. ಆ ಪಿಂಕ್ ಕೆನ್ನೆಯ ಯಾರ್ಕ್‌ಷೈರ್ ಹುಡುಗರು ನನ್ನ ಹೆಂಡತಿಯ ಚಕ್ಕುಲಿಯನ್ನು ಡಬ್ಬಿಗಟ್ಟಲೆ ಮುಗಿಸಿದರು. 2011ರ ಮಳೆಗಾಲದಲ್ಲಿ ಊರಿಗೆ ಹೋದಾಗ ಅಜ್ಜ ಅವನನ್ನು ತಾಳಮದ್ದಲೆಗೆ ಕರೆದೊಯ್ದರು. 'ಕೃಷ್ಣ ಸಂಧಾನ' ಪ್ರಸಂಗ. ಅಜ್ಜನದು ಕೌರವ. ಅರ್ಧಕ್ಕಿಂತ ಹೆಚ್ಚು ಮಾತು ಅರ್ಥವಾಗದಿದ್ದರೂ ಬೆಳಗಿನ ಜಾವದ ತನಕ ಕಂಬಕ್ಕೊರಗಿ ಕೂತಿದ್ದ. ಬೆಳಿಗ್ಗೆ ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜ, ದಾಳ ಇದ್ದಿದ್ದರೆ ನೀವು ಗೆಲ್ಲುತ್ತಿದ್ದಿರಾ?"

ಅಜ್ಜ ಈಗಿಲ್ಲ. ಮಗನಿಗೆ ಮೂವತ್ತು ದಾಟಿದೆ. ಪ್ರೈಮರಿ ಶಾಲೆಯ ಮೇಷ್ಟ್ರು, ಅಜ್ಜನ ಹಾಗೆ. ಹೊಸದಾಗಿ ಊರಿಗೆ ಬಂದ, ಯಾರ ಪರಿಚಯವೂ ಇಲ್ಲದ ಮಕ್ಕಳನ್ನು ಸೇರಿಸಿಕೊಂಡು ಬುಧವಾರ ಸಂಜೆ ಆಟವಾಡಿಸುತ್ತಾನೆ. ಪತ್ರಿಕೆಗಳು ಅವನ ತರಗತಿಯ ಕಪಾಟಿನಲ್ಲಿವೆ. ಆ ಅಂಚೆ ಚೀಲ ಮಾತ್ರ ಇನ್ನೂ ನಮ್ಮ ಗ್ಯಾರೇಜಿನಲ್ಲೇ ಇದೆ. ನನ್ನ ಹೆಂಡತಿ ಅದರಲ್ಲಿ ಈರುಳ್ಳಿ ತುಂಬಿಟ್ಟಿದ್ದಾಳೆ.

ದೀಪಾವಳಿಗೆ ಮನೆ ಸ್ವಚ್ಛ ಮಾಡುವ ಕಾಲ ಇದು. ಮಿತ್ರರೇ, ಮಕ್ಕಳ ಕೋಣೆಯ ಕಸ ಎತ್ತುವಾಗ ಒಂದು ಕ್ಷಣ ನಿಂತು ನಡುಪುಟ ತೆರೆದು ನೋಡಿ. ಒಳಗೆ ಏನಾದರೂ ಮಡಚಿಟ್ಟಿರಬಹುದು.

ಎಲ್ಲರಿಗೂ ಹಬ್ಬದ ಶುಭಾಶಯಗಳು.